ಕಾರು ಗೆದ್ದವನ ಹೆಂಡತಿ

ನನ್ನ ಗಂಡನಿಗೆ ಕಾರು ಬಂದಿಲ್ಲ. ಈ ಮಾತನ್ನು ನಾನು ಹಾಲಿನವನಿಗೆ ಹೇಳಿದ್ದೇನೆ, ಮನೆ ಮಾಲೀಕರಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತು ಪರಿಚಯವಿಲ್ಲದ ಹೆಂಗಸರಿಗೂ ಹೇಳಿದ್ದೇನೆ. ಎಲ್ಲರೂ ಕೇಳಿ ಒಂದೇ ಥರ ನಗುತ್ತಾರೆ. ಆಯ್ತು ಬಿಡಮ್ಮ, ನಿನ್ನ ಕಾರಲ್ಲಿ ಕೂರಿಸ್ಕೋ ಅಂತ ನಾವೇನೂ ಬಂದಿಲ್ಲ, ಎನ್ನುವ ನಗು. ನಾನು ಇಲ್ಲ ಇಲ್ಲ ಅಂದಷ್ಟೂ ಬೀದಿಯವರ ಬಾಯಲ್ಲಿ ಆ ಕಾರು ಬೆಳೆಯುತ್ತಲೇ ಹೋಯಿತು. ಮೊದಲು ಚಿಕ್ಕದಿತ್ತು, ಆಮೇಲೆ ಇಡೀ ಸಂಸಾರ ಕೂರುವಂಥದ್ದಾಯಿತು, ಕೊನೆಗೆ ಅದನ್ನು ನಾವು ಬೇರೆ ಊರಲ್ಲಿ ಬಾಡಿಗೆಗೆ ಓಡಿಸುತ್ತಿದ್ದೇವೆ ಎಂದೂ ಆಯಿತು. ಇವರ ಬುದ್ಧಿಗಿಷ್ಟು ಬೆಂಕಿ ಹಾಕ. ಎದುರಿಗೆ ನಿಂತು ಮಾತಾಡುವವಳಿಗಿಂತ ಬಸ್ ನಿಲ್ದಾಣದ ನೆತ್ತಿಯ ಮೇಲಿದ್ದ ಬೋರ್ಡನ್ನೇ ಅವರು ನಂಬಿದ್ದರು.

ಆ ಬೋರ್ಡಿನಲ್ಲಿ ಇದ್ದವನು ನನ್ನ ಗಂಡ. ಎದುರಿಗೆ 'ರೀ' ಅನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಕೈ ಬರುವುದಿಲ್ಲ. ಬಾಗಿಲಿನಷ್ಟು ದೊಡ್ಡ ಥರ್ಮೊಕೋಲ್ ಕೀಯನ್ನು ಎದೆಗೆ ಅವುಚಿಕೊಂಡು, ಹಲ್ಲು ಕಿರಿದುಕೊಂಡು, ಹಿಂದೆ ಕೆಂಪು ಕಾರು ನಿಲ್ಲಿಸಿಕೊಂಡು ನಿಂತಿದ್ದ. ಮೇಲೆ 'ಇವರು ಗೆದ್ದರು! ಮುಂದಿನವರು ನೀವೇ!' ಎಂದು ಬರೆದಿತ್ತು. ಅಷ್ಟೆತ್ತರದಲ್ಲಿ ಅವನ ಮೀಸೆ ನಮ್ಮ ಅಡುಗೆಮನೆಯಷ್ಟು ಅಗಲವಿತ್ತು. ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಏನೋ ಬರೆದಿತ್ತು. ಅದನ್ನು ಓದುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ.

ನನ್ನ ಗಂಡನದು ಡೂಪ್ಲಿಕೇಟ್ ಕೀ ಮಾಡುವ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತಾಯಿತು. ಔಷಧಿ ಅಂಗಡಿಯ ಮೆಟ್ಟಿಲ ಕೆಳಗಿನ ಗೂಡು ಅದು. ಒಳಗೆ ಕೀ ಕಡಿಯುವ ಮೆಷೀನು, ಒಂದು ಸ್ಟೂಲು, ಗೋಡೆ ತುಂಬ ಮೊಳೆಗೆ ನೇತುಹಾಕಿದ, ಇನ್ನೂ ಹಲ್ಲು ಕಡಿಯದ ಖಾಲಿ ಕೀಗಳು. ಕೆಲಸದಲ್ಲಿ ಅವನು ಗಟ್ಟಿಗ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಬೀಗಕ್ಕೆ ಕಿವಿಗೊಟ್ಟು ಕೇಳಿ ಒಳಗೇನು ಕೆಟ್ಟಿದೆ ಎಂದು ಹೇಳುತ್ತಾನೆ. ಹೆಂಡತಿಗೆ ಅಷ್ಟು ಕಿವಿಗೊಟ್ಟಿದ್ದರೆ ಈ ಕತೆ ಆಗುತ್ತಿರಲಿಲ್ಲ. ಜಂಬ ಅವನಿಗೆ ಎರಡೇ ವಿಷಯದಲ್ಲಿ: ಒಂದು ಅವನ ಕೀ, ಇನ್ನೊಂದು ಅವನ ಮೀಸೆ.

ಈ ಕಾರಿನ ಕತೆ ಹುಟ್ಟಿದ್ದು ಮೀಸೆಯಿಂದ. ಮುಖ್ಯರಸ್ತೆಯಲ್ಲಿ ಫ್ರಿಜ್ಜು, ಫ್ಯಾನು, ಸೋಫಾ ಮಾರುವ ಮೂರಂತಸ್ತಿನ ಅಂಗಡಿ ಶುರುವಾಯಿತು. ಏನೇ ಕೊಂಡರೂ ಉಜ್ಜುವ ಕಾರ್ಡು ಒಂದು, ಪ್ರತಿ ಕಾರ್ಡಿಗೂ ಬಹುಮಾನ ಖಚಿತ, ದೊಡ್ಡ ಬಹುಮಾನ ಕಾರು. ಮೊದಲ ದಿನವೇ ನನ್ನ ಗಂಡ ಹೋಗಿ ಟೇಬಲ್ ಫ್ಯಾನು ಕೊಂಡ. ಅಂಗಡಿಯ ಮ್ಯಾನೇಜರ್ ವೇದಿಕೆ ಮೇಲಿಂದ ಗುಂಪನ್ನೆಲ್ಲ ಕಣ್ಣಲ್ಲೇ ಜಾಲಾಡಿ, 'ಆ ಮೀಸೆ ಸಾರ್, ಮೇಲೆ ಬನ್ನಿ' ಎಂದು ಕರೆದನಂತೆ. ಕುತ್ತಿಗೆ ಕಾಣದ ಹಾಗೆ ಟೈ ಬಿಗಿದುಕೊಳ್ಳುವ ಮನುಷ್ಯ ಅವನು. ನಮ್ಮ ಮನೆಯಲ್ಲಿ ಅವನ ಹೆಸರೇ ಟೈ ಎಂದಾಯಿತು. ಕಾರ್ಡನ್ನು ಟೈಯೇ ತನ್ನ ಜೇಬಿನಿಂದ ತೆಗೆದ, ಟೈಯೇ ಉಜ್ಜಿದ, ಟೈಯೇ ಕೂಗಿದ. ಬ್ಯಾಂಡು ಬಾರಿಸಿತು. ಥರ್ಮೊಕೋಲ್ ಕೀ ಜೊತೆಗೆ ಒಂದು ನಿಜವಾದ ಸಣ್ಣ ಕೀಯನ್ನೂ ಅಂಗೈಗೆ ಹಾಕಿದರು. ಫೋಟೋ ಹೊಡೆದರು. ಜನ ಕರಗಿದ ಮೇಲೆ ಕಾರಿಗೆ ಬಟ್ಟೆ ಹೊದಿಸಿ, 'ರಿಜಿಸ್ಟ್ರೇಷನ್ ಆಗ್ಬೇಕು ಸಾರ್, ಮನೆಗೇ ಕಳಿಸ್ತೀವಿ' ಎಂದು ಎಳೆದುಕೊಂಡು ಹೋದರು. ಕಾರು ಗೆದ್ದವನು ತೊಡೆ ಮೇಲೆ ಫ್ಯಾನು ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದ.

"ಯಾವಾಗ ಕಳಿಸ್ತಾರಂತ್ರೀ?" ಎಂದು ಕೇಳಿದೆ.

"ಪ್ರೋಸೆಸ್‌ನಲ್ಲಿದೆ," ಎಂದ. ಆ ಮಾತನ್ನು ಅವತ್ತೇ ಟೈಯಿಂದ ಕಲಿತು ಬಂದಿದ್ದ.

ಪ್ರೋಸೆಸ್‌ನಲ್ಲೇ ತಿಂಗಳುಗಳು ಉರುಳಿದವು. ಅಷ್ಟರಲ್ಲಿ ಬೋರ್ಡು ಎದ್ದಿತ್ತು. ಗೂಡಿಗೆ ಗಿರಾಕಿಗಳು ಸಾಲು ಹಚ್ಚಿದರು. 'ಅದೃಷ್ಟದ ಕೈ' ಎಂದು ಮದುವೆ ಆಗಬೇಕಾದವರು, ಹೊಸ ಮನೆ ಹೊಕ್ಕವರು, ಕೆಲಸಕ್ಕೆ ಅರ್ಜಿ ಹಾಕಿದವರು ಎಲ್ಲ ಇವನ ಕೈಯಲ್ಲೇ ಕೀ ಮಾಡಿಸಬೇಕು. ಬೀದಿಯಲ್ಲಿ ಅವನಿಗೆ 'ಲಕ್ಕಿ ಸಾರ್' ಎಂದು ಹೆಸರು ಬಿತ್ತು. ವೇದಿಕೆಯ ಮೇಲೆ ಕೊಟ್ಟ ಕೀಗೆ ಚರ್ಮದ ಚೀಲ ಮಾಡಿಸಿ, ತಲೆ ಮಾತ್ರ ಕಾಣುವ ಹಾಗೆ, ಗೂಡಿನ ನಟ್ಟನಡುವೆ ನೇತುಹಾಕಿದ. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರೂ ತಿರುಗಿ ನೋಡದ ಮನುಷ್ಯ ಈಗ ಎದೆ ಉಬ್ಬಿಸಿಕೊಂಡು ಓಡಾಡತೊಡಗಿದ. ಕಾರೆಲ್ಲಿ ಎಂದು ಕೇಳಿದವರಿಗೆ ಒಬ್ಬರಿಗೆ ಶೋರೂಮಿನಲ್ಲಿದೆ, ಇನ್ನೊಬ್ಬರಿಗೆ ಮನೆ ಹತ್ತಿರ ನಿಲ್ಲಿಸಲು ಜಾಗವಿಲ್ಲ ಎನ್ನುತ್ತಿದ್ದ. ಬಂದಿಲ್ಲ ಎಂಬ ಮೂರಕ್ಷರ ಮಾತ್ರ ಆ ಬಾಯಿಂದ ಬರಲಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವೆಲ್ಲ ಜನರನ್ನು ಕುರ್ಚಿಯಲ್ಲಿ ಕೂರಿಸಿ ಅಕ್ಷರ ಓದಿಸುತ್ತೇನೆ. ಇವನ ಕಾರ್ಡಿನ ಹಿಂಭಾಗವನ್ನು ಅಂಗಡಿಯ ಭೂತಗನ್ನಡಿ ಹಿಡಿದು ಓದಿದ್ದೆ. 'ಚಿತ್ರಗಳು ತಿಳಿವಳಿಕೆಗಾಗಿ ಮಾತ್ರ. ಬಹುಮಾನವನ್ನು ಕಾರಣ ನೀಡದೆ ಬದಲಿಸುವ, ಮುಂದೂಡುವ, ಹಿಂಪಡೆಯುವ ಹಕ್ಕು ಅಂಗಡಿಯದು.' ಮೇಲೆ ಆನೆಗಾತ್ರದಲ್ಲಿ ಕೊಟ್ಟದ್ದನ್ನು ಕೆಳಗೆ ಇರುವೆಗಾತ್ರದಲ್ಲಿ ಕಿತ್ತುಕೊಂಡಿದ್ದರು. ಇಂಥ ಅಕ್ಷರ ಬರೆಯುವವನು ಮನೆಯಲ್ಲಿ ಮಕ್ಕಳ ಮುಖ ಹೇಗೆ ನೋಡುತ್ತಾನೋ ನನಗೆ ಗೊತ್ತಿಲ್ಲ. ಬಹುಶಃ ಚೆನ್ನಾಗಿಯೇ ನೋಡುತ್ತಾನೆ. ಇಂಥವರಿಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಇದನ್ನೆಲ್ಲ ನನ್ನ ತಂಗಿಗೂ ಹೇಳಿದ್ದೆ. ಅವಳು ಎರಡು ಬೀದಿ ಆಚೆ ಇರುವುದು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಮಗಳನ್ನು ಓದಿಸುತ್ತಿದ್ದಾಳೆ. ಚಿಕ್ಕವರಿದ್ದಾಗ ಒಂದೇ ಹೊದಿಕೆಯಲ್ಲಿ ಮಲಗಿದವರು ನಾವು. ದಿನಾ ಸಂಜೆ ಅವಳ ಮನೆಗೆ ನಾನೋ, ನಮ್ಮ ಮನೆಗೆ ಅವಳೋ ಹೋಗದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ. ಅಂಥವಳು ಭಾವನ ಬೋರ್ಡು ನೋಡಿ ಆ ಅಂಗಡಿಗೆ ಹೋಗಿ ಸೋಫಾ ಸೆಟ್ ಕೊಂಡಳು. ಕರೆದುಕೊಂಡು ಹೋದದ್ದೂ ಭಾವನೇ. ಸೋಫಾ ಅವಳ ಕೋಣೆಯಲ್ಲಿ ಹಿಡಿಯಲಿಲ್ಲ. ಒಂದು ಕೊನೆ ಬಾಗಿಲಿಗೆ ಅಡ್ಡವಾಗಿ, ಒಳಗೆ ಹೋಗುವವರು ಅದರ ತೋಳು ಹತ್ತಿ ಇಳಿಯಬೇಕು. ಕಾರ್ಡು ಉಜ್ಜಿದರೆ ಪ್ಲಾಸ್ಟಿಕ್ ಬಾಚಣಿಗೆ ಬಂತು. ಅವಳಿಗೊಬ್ಬಳಿಗೇ ಅಲ್ಲ, ಬೀದಿಯಲ್ಲಿ ಎಲ್ಲರಿಗೂ ಬಾಚಣಿಗೆಯೇ. ತಲೆಯಲ್ಲಿ ಒಂದು ಕೂದಲೂ ಇಲ್ಲದ ಪಿ.ಟಿ. ಮೇಷ್ಟ್ರಿಗೂ ಬಾಚಣಿಗೆ.

"ನಾನು ಮೊದಲೇ ಹೇಳಿರ್ಲಿಲ್ವೇನೇ?" ಎಂದೆ.

"ನಿಂಗೆ ಬಂದಾಯ್ತು, ಇನ್ನೊಬ್ಬರಿಗೆ ಬರಬಾರದು ಅಂತ ನಿಂಗ್ಯಾಕಕ್ಕಾ ಅಷ್ಟು ಹೊಟ್ಟೆಕಿಚ್ಚು?" ಎಂದು ನಕ್ಕಳು. ಆಗಿನ್ನೂ ನಗುತ್ತಿದ್ದಳು.

ಆಮೇಲೆ ಅವಳ ಮಗಳು ಶಾಲೆಯ ಮಹಡಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಳು. ಆಪರೇಷನ್ ಆಯಿತು. ತೊಡೆಯಿಂದ ಹಿಮ್ಮಡಿತನಕ ಪಟ್ಟಿ, ಕಾಲು ಮಡಿಸುವ ಹಾಗಿಲ್ಲ. ಮನೆಗೆ ಕಳಿಸುವ ದಿನ ಬೆಳಿಗ್ಗೆ ತಂಗಿ ನಮ್ಮ ಮನೆಗೆ ಓಡಿಬಂದಳು.

"ಅಕ್ಕಾ, ಒಂದು ಗಂಟೆ ಕಾರು ಕೊಡು. ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗಿಸಿಕೊಂಡು ಬರ್ತೀನಿ."

"ಕಾರಿಲ್ಲ ಕಣೇ. ಬಂದೇ ಇಲ್ಲ. ಎಷ್ಟು ಸಲ ಹೇಳ್ಲಿ?"

ಅವಳು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದಳು. "ಭಾವಾ?"

ನನ್ನ ಗಂಡ ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಿದ್ದ. ಆಗ ಒಂದು ಮಾತು ನಿಜ ಹೇಳಿದ್ದರೆ ಸಾಕಾಗಿತ್ತು. ಕತ್ತರಿ ಕೆಳಗಿಡದೆ, "ಸರ್ವಿಸ್‌ಗೆ ಬಿಟ್ಟಿದ್ದೀನಲ್ಲಮ್ಮಾ, ಇವತ್ತೇ ಹೋಗ್ಬೇಕಿತ್ತಾ ಅದು," ಎಂದ.

ಒಂದೇ ಮನೆಯಲ್ಲಿ ಒಂದೇ ಉಸಿರಿಗೆ ಒಬ್ಬರು ಬಂದಿಲ್ಲ ಅಂದರೆ, ಇನ್ನೊಬ್ಬರು ಸರ್ವಿಸ್‌ಗೆ ಹೋಗಿದೆ ಅಂದರು. ತಂಗಿ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಸುಳ್ಳಿ ನಾನು. ಅವತ್ತು ಆ ಮಗುವನ್ನು ಆಟೋದಲ್ಲಿ, ಪಟ್ಟಿ ಕಟ್ಟಿದ ಕಾಲನ್ನು ಹೊರಗೆ ಚಾಚಿಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಾಯಿ ಮನೆಗೆ ತಂದಳು. ಪ್ರತಿ ಗುಂಡಿಗೂ ಮಗು ಕೂಗಿದ್ದನ್ನು ಬೀದಿಯೆಲ್ಲ ಕೇಳಿತು. ನಾನು ನೋಡಲು ಹೋದರೆ ತಂಗಿ ಬಾಗಿಲು ತೆಗೆಯಲಿಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕಿದರೂ ನನ್ನ ಪಕ್ಕದ ಗೋಡೆ ನೋಡಿಕೊಂಡು ದಾಟಿ ಹೋಗುತ್ತಿದ್ದಳು.

ಅಲ್ಲಿಂದ ನನಗೆ ಬೇಕಾಗಿದ್ದದ್ದು ಒಂದೇ. ಕಾರು ಹಾಳಾಗಿ ಹೋಗಲಿ. ನನ್ನ ತಂಗಿ ನನ್ನ ಜೊತೆ ಮಾತಾಡಬೇಕು, ಅಷ್ಟೇ. ಅದಕ್ಕೆ ಈ ಮನುಷ್ಯ ಬಾಯಿ ಬಿಟ್ಟು, ಕಾರು ಬಂದಿಲ್ಲ ಎಂದು ಊರೆದುರು ಹೇಳಬೇಕಿತ್ತು. ನಾನು ಬೇಡಿಕೊಂಡೆ, ಬೈದೆ, ಅಡುಗೆ ಮಾಡದೆ ಮಲಗಿದೆ. ಅವನು ಹೋಟೆಲಿನಲ್ಲಿ ಉಂಡು ಬಂದ. ಅಲ್ಲಿ ಲಕ್ಕಿ ಸಾರಿಗೆ ಕುರ್ಚಿ ಒರೆಸಿ ಕೊಡುತ್ತಿದ್ದರಂತೆ.

ಬಾಚಣಿಗೆ ಬಂದವರನ್ನೆಲ್ಲ ಸೇರಿಸಿಕೊಂಡು ಪಿ.ಟಿ. ಮೇಷ್ಟ್ರು ಗ್ರಾಹಕರ ನ್ಯಾಯಾಲಯದಲ್ಲಿ ದೂರು ಕೊಟ್ಟರು. ತಂಗಿಯೂ ಸಹಿ ಹಾಕಿದಳು. ಬಹುಮಾನ ಕೊಡುವ ಮನಸ್ಸೇ ಇಲ್ಲದೆ ಬಹುಮಾನ ಎಂದು ಕೂಗಿ ಸಾಮಾನು ಮಾರುವುದು ಕಾನೂನಿನ ಪ್ರಕಾರ ತಪ್ಪಂತೆ. ಜನರನ್ನು ದಾರಿ ತಪ್ಪಿಸುವ ಜಾಹೀರಾತಂತೆ. ನಾನು ಅವರ ವಕೀಲರ ಹತ್ತಿರ ಹೋಗಿ, ಕಾರು ಬಂದಿಲ್ಲ, ನಾನು ಸಾಕ್ಷಿ ಹೇಳುತ್ತೇನೆ ಎಂದೆ. ವಕೀಲರು ಪಿ.ಟಿ. ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು, "ಬೇಡಮ್ಮಾ. ಕಾರು ಬಂದ ಮನೆಯವರನ್ನ ನಮ್ಮ ಕಡೆ ಸೇರಿಸಿಕೊಂಡ್ರೆ ಕೇಸು ಹಳ್ಳ ಹಿಡಿಯುತ್ತೆ," ಎಂದರು. ಊರ ಮಕ್ಕಳಿಗೆಲ್ಲ ಎಡಗಾಲು ಬಲಗಾಲು ಕಲಿಸುವ ಮನುಷ್ಯನ ತಿಳಿವಳಿಕೆ ಇದು.

ಇದಾದ ಕೆಲವೇ ದಿನಕ್ಕೆ ಟೈ ನಮ್ಮ ಮನೆಗೇ ಬಂದ. ಕೈಯಲ್ಲಿ ಬಿಸ್ಕತ್ತಿನ ಡಬ್ಬ. ಕೂತು ಗೋಡೆಯನ್ನೆಲ್ಲ ಹೊಗಳಿದ, ಫ್ಯಾನು ಚೆನ್ನಾಗಿ ತಿರುಗುತ್ತಿದೆ ಎಂದ. ಅದು ಆ ವಾರವಷ್ಟೇ ಕೆಟ್ಟು ರಿಪೇರಿಯಾಗಿ ಬಂದಿತ್ತು.

"ಸಾರ್, ಒಂದು ಸಣ್ಣ ಸಹಾಯ. ಕೋರ್ಟಿಗೆ ಬಂದು, ಬಹುಮಾನ ತಗೊಂಡಿದ್ದೀನಿ ಅಂತ ಒಂದು ಮಾತು ಹೇಳಿದ್ರೆ ಸಾಕು."

"ಬಂದಿಲ್ವಲ್ಲಪ್ಪ," ಎಂದೆ ನಾನು.

ಟೈ ನನ್ನ ಕಡೆ ತಿರುಗಲೂ ಇಲ್ಲ. "ಬರುತ್ತೆ ಸಾರ್, ಪ್ರೋಸೆಸ್‌ನಲ್ಲಿದೆ. ಕೇಸು ಮುಗೀಲಿ ಅಂತ ಕಾಯ್ತಿದ್ದೀವಿ. ಆಮೇಲೆ ಹೊಸ ಬ್ರಾಂಚ್ ಶುರು ಮಾಡ್ತಿದ್ದೀವಲ್ಲ, ಅಲ್ಲಿಗೂ ನಿಮ್ಮದೇ ಫೋಟೋ. ಈ ಸಲ ಇದರ ಎರಡರಷ್ಟು ದೊಡ್ಡ ಬೋರ್ಡು."

ನನ್ನ ಗಂಡನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಟೈಗೆ ದುಡ್ಡಾದರೂ ಸಿಗುತ್ತದೆ, ಮೋಸ ಮಾಡಲು ಅದೊಂದು ಕಾರಣ. ಇವನು ಎರಡರಷ್ಟು ದೊಡ್ಡ ಬೋರ್ಡಿಗೆ ಮಾರಿಹೋಗುತ್ತಿದ್ದ.

ಟೈ ಹೋದ ಮೇಲೆ ಎದುರು ನಿಂತು ಕೇಳಿದೆ. "ಆ ಮಗು ಕಾಲು ಹೊರಗೆ ಹಾಕ್ಕೊಂಡು ಆಟೋದಲ್ಲಿ ಕೂಗ್ತಾ ಬಂತು. ನನ್ನ ತಂಗಿ ನನ್ನ ಮುಖ ನೋಡಲ್ಲ. ಕೋರ್ಟಲ್ಲಾದರೂ ನಿಜ ಹೇಳ್ತೀರೋ ಇಲ್ವೋ?"

"ಅಷ್ಟು ಜನರ ಮುಂದೆ?" ಎಂದು ನನ್ನನ್ನೇ ಕೇಳಿದ.

ಗ್ರಾಹಕರ ನ್ಯಾಯಾಲಯ ಎಂದರೆ ನಾನು ದೊಡ್ಡ ಕಂಬಗಳ ಕಟ್ಟಡ ಅಂದುಕೊಂಡಿದ್ದೆ. ಅದು ಹಳೇ ಕಚೇರಿಯ ಮಹಡಿ ಮೇಲಿನ ಒಂದು ಉದ್ದ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ದಾರ ಕಟ್ಟಿದ ಫೈಲುಗಳು, ಕೀಚು ಕೀಚು ಎನ್ನುವ ಫ್ಯಾನು. ಎತ್ತರದ ಮೇಜಿನ ಹಿಂದೆ ಮೂವರು. ನಡುವೆ ಕೂತಿದ್ದ ಅಧ್ಯಕ್ಷೆಗೆ ನೆಗಡಿಯಾಗಿ ಮೂಗು ಕೆಂಪಾಗಿತ್ತು. ತಂಗಿಗೆ ಆ ದಿನ ರಜೆ ಸಿಕ್ಕಿರಲಿಲ್ಲ. ಬಾಚಣಿಗೆಯವರ ಪರವಾಗಿ ಮೇಷ್ಟ್ರು, ಅವರ ವಕೀಲರು. ಈ ಕಡೆ ಟೈ, ಪಕ್ಕದಲ್ಲಿ ಬೂಟು ಮಿಂಚುವ ಅಂಗಡಿಯ ವಕೀಲ.

ಬೂಟಿನ ವಕೀಲ ಎದ್ದು ಓದಿದ. ಸಾರಾಂಶ ಇಷ್ಟು: ಕಾರು ಕೊಡುತ್ತೇವೆ ಎಂದು ನಾವು ಹೇಳಿಯೇ ಇಲ್ಲ, ಚಿತ್ರ ತಿಳಿವಳಿಕೆಗಾಗಿ ಮಾತ್ರ, ಹೇಳಿದ್ದರೂ ಕೊಟ್ಟಿದ್ದೇವೆ, ತೆಗೆದುಕೊಂಡವರು ಇಲ್ಲೇ ಇದ್ದಾರೆ.

"ಎರಡರಲ್ಲಿ ಯಾವುದು?" ಎಂದು ಅಧ್ಯಕ್ಷೆ ಮೂಗೊರೆಸಿಕೊಂಡು ಕೇಳಿದರು.

"ಎರಡೂ, ಮೇಡಂ," ಎಂದ. ನಾಚಿಕೆ ಎನ್ನುವುದನ್ನು ಕಾಲೇಜಿನಲ್ಲೇ ಬಿಟ್ಟು ಬಂದವನು.

ನನ್ನ ಗಂಡನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ತೀಡಿದ ಮೀಸೆ. ನಿಜ ಹೇಳುತ್ತೇನೆ ಎಂದು ಪ್ರಮಾಣ ಮಾಡಿದ. ಬಹುಮಾನ ಸಿಕ್ಕಿತೇ ಎಂದು ಕೇಳಿದರೆ, "ಸಿಕ್ಕಿದೆ," ಎಂದ. ಯಾವ ಬಣ್ಣ? ಕೆಂಪು. ಓಡಿಸುತ್ತೀರಾ? "ಭಾನುವಾರ ಭಾನುವಾರ ಹೆಂಡತಿನ ಕೂರಿಸಿಕೊಂಡು ಒಂದು ಸುತ್ತು ಹೋಗ್ತೀವಿ. ಅವಳಿಗೆ ಮುಂದಿನ ಸೀಟೇ ಆಗ್ಬೇಕು, ಗಾಜು ಇಳಿಸಿಕೊಂಡು ಕೂರ್ತಾಳೆ." ಇಡೀ ಕೋಣೆ ತಿರುಗಿ ನನ್ನನ್ನು ನೋಡಿತು. ನಾನು ಎದ್ದು, "ಸುಳ್ಳು!" ಎಂದು ಕೂಗಿದೆ. ಬಾಗಿಲ ಹತ್ತಿರದ ಜವಾನ ಬಂದು, ಸುಮ್ಮನಿರದಿದ್ದರೆ ಹೊರಗೆ ಕಳಿಸುತ್ತೇನೆ ಎಂದ. ಪ್ರಮಾಣ ಮಾಡಿ ಸುಳ್ಳು ಹೇಳುವವನಿಗೆ ಕುರ್ಚಿ, ನಿಜ ಕೂಗಿದವಳಿಗೆ ಬಾಗಿಲು. ಕೂತೆ. ತಂಗಿಯ ಆಸೆ ಬಿಟ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬೂಟಿನ ವಕೀಲ ಗೆದ್ದು ಮನೆಗೆ ಹೋಗುತ್ತಿದ್ದ. ಅವನಿಗೆ ಇನ್ನೂ ಸ್ವಲ್ಪ ಮೆರೆಯಬೇಕಿತ್ತು. "ಮೇಡಂ, ಕಾರಿನ ಕೀಯನ್ನೇ ತರಿಸಿದ್ದೇವೆ," ಎಂದು ಆ ಚರ್ಮದ ಚೀಲವನ್ನು ಎತ್ತಿ ಹಿಡಿದು, ಒಳಗಿನದ್ದನ್ನು ತೆಗೆದು ನನ್ನ ಗಂಡನ ಕೈಗೆ ಕೊಟ್ಟ. "ನೋಡಿ ಹೇಳಿ, ಇದು ಆ ಕಾರಿನ ಕೀ ತಾನೇ?"

ಕೀ ಮಾಡುವವನ ಕೈಗೆ ಕೀ ಕೊಟ್ಟ. ಪುಸ್ತಕವೆಲ್ಲ ಓದಿದ ಮನುಷ್ಯ, ಎದುರಿಗಿದ್ದವನ ಕಸುಬೇನು ಎಂದು ವಿಚಾರಿಸಿರಲಿಲ್ಲ.

ನನ್ನ ಗಂಡನ ಹೆಬ್ಬೆರಳು ಅಭ್ಯಾಸಬಲದಿಂದ ಅದರ ಅಂಚಿನ ಮೇಲೆ ಒಮ್ಮೆ ಹರಿದಾಡಿತು. ಬಣ್ಣ, ಸೀಟು, ಭಾನುವಾರ ಎಲ್ಲ ಸಲೀಸಾಗಿ ಹೇಳಿದ ನಾಲಿಗೆ ಇಲ್ಲಿಗೆ ಬಂದು ಕಚ್ಚಿಕೊಂಡಿತು.

"ಇದು ಕೀ ಅಲ್ಲ," ಎಂದ.

"ಅಂದರೆ?" ಎಂದರು ಅಧ್ಯಕ್ಷೆ.

"ಹಲ್ಲೇ ಕಡಿದಿಲ್ಲ ಮೇಡಂ. ಖಾಲಿ ಕೀ. ಇಂಥವು ನನ್ನ ಅಂಗಡೀಲಿ ಗೋಡೆ ತುಂಬ ಇವೆ. ಇದರಿಂದ ಯಾವ ಕಾರೂ ತೆಗೆಯಲ್ಲ, ತಗಡಿನ ಪೆಟ್ಟಿಗೇನೂ ತೆಗೆಯಲ್ಲ."

ಬೂಟಿನ ವಕೀಲ ನಕ್ಕ. "ಮೇಡಂ, ಇವರಿಗೆ ಗಾಬರಿ. ಏನೋ ಗೊಂದಲ ಮಾಡಿಕೊಳ್ತಿದ್ದಾರೆ."

ಅದೇ ಅವನ ದೊಡ್ಡ ತಪ್ಪು. ನನ್ನ ಗಂಡನ ಮುಖ ಕೆಂಪಾಯಿತು. "ಗೊಂದಲ ಏನ್ರೀ? ಕೀ ವಿಷಯದಲ್ಲಿ ನಂಗೆ ಗೊಂದಲಾನಾ? ಕಣ್ಣು ಕಟ್ಟಿ ಕೊಡಿ, ಯಾವ ಬೀಗದ್ದು ಅಂತ ಬೆರಳಲ್ಲೇ ಹೇಳ್ತೀನಿ. ಇದನ್ನ ಕೀ ಅಂತ ಇಲ್ಲಿ ಒಪ್ಪಿಕೊಂಡ್ರೆ ನಾಳೆ ನನ್ನ ಕೈಲಿ ಯಾರ್ರೀ ಕೀ ಮಾಡಿಸ್ತಾರೆ?"

ನಿಜ ಹೊರಗೆ ಬಂದದ್ದು ಹೀಗೆ. ನನಗಾಗಿ ಅಲ್ಲ, ಆ ಮಗುವಿಗಾಗಿ ಅಲ್ಲ, ಪ್ರಮಾಣಕ್ಕೆ ಹೆದರಿ ಅಂತೂ ಅಲ್ಲವೇ ಅಲ್ಲ. ಒಂದು ಜಂಬವನ್ನು ಇನ್ನೊಂದು ಜಂಬ ನುಂಗಿತು, ಅಷ್ಟೇ.

ಅಧ್ಯಕ್ಷೆ ಕರವಸ್ತ್ರ ಕೆಳಗಿಟ್ಟು ಮೆಲ್ಲಗೆ ಕೇಳಿದರು. "ಇದು ಖಾಲಿ ಕೀ ಅಂತ ನಿಮಗೆ ಯಾವಾಗ ಗೊತ್ತಾಯಿತು?"

"ಕೊಟ್ಟಾಗಲೇ ಮೇಡಂ. ವೇದಿಕೆ ಮೇಲೆ. ಕೈಗೆ ಬಿದ್ದ ತಕ್ಷಣ."

"ಫೋಟೋ ತೆಗೆಯೋಕೆ ಮುಂಚೆಯೋ, ಆಮೇಲೋ?"

"ಮುಂಚೆ."

ನಾನು ಅಷ್ಟು ದಿನ ಅವನನ್ನು ಮೋಸಹೋದ ದಡ್ಡ ಅಂದುಕೊಂಡಿದ್ದೆ. ದಡ್ಡನನ್ನು ಹೇಗೋ ಕ್ಷಮಿಸಬಹುದು. ಇವನು ಗೊತ್ತಿದ್ದೂ ಹಲ್ಲು ಕಿರಿದವನು. ಆ ಬೋರ್ಡಿನ ನಗುವಿನಲ್ಲಿ ಮೋಸಹೋದವನು ಒಬ್ಬನೂ ಇರಲಿಲ್ಲ. ಟೈ ತಲೆ ತಗ್ಗಿಸಿ ಟೈ ಸಡಿಲ ಮಾಡಿಕೊಳ್ಳುತ್ತಿದ್ದ. ಮೊದಲ ಸಲ ಅವನ ಕುತ್ತಿಗೆ ಕಂಡಿತು.

ನಾನು ಅಲ್ಲಿಂದ ನೇರ ತಂಗಿಯ ಮನೆಗೆ ಓಡಿದೆ. ಅಷ್ಟೊತ್ತಿಗೆ ಅವಳು ಕೆಲಸದಿಂದ ಬಂದಿದ್ದಳು, ಸುದ್ದಿಯೂ ನನಗಿಂತ ಮುಂಚೆ ಬಂದಿತ್ತು. ಬಾಗಿಲು ತೆಗೆಯಲಿಲ್ಲ, ಕಿಟಕಿಯಿಂದ ಮಾತಾಡಿದಳು, ಅದೂ ಕಿಟಕಿಯ ಸರಳಿಗೆ ಹೇಳಿದ ಹಾಗೆ.

"ಎಲ್ಲಾ ಕೇಳ್ದೆ. ನಿಜವಾದ ಕೀನ ಕಾರಿನ ಜೊತೆ ಮಾರಿಬಿಟ್ಟು, ಕೋರ್ಟಿಗೆ ಖಾಲಿ ಕೀ ತೋರಿಸಿದ್ರಂತಲ್ಲ. ಕೀ ಮಾಡೋರಿಗೆ ಖಾಲಿ ಕೀಗೇನು ಬರ?"

"ಯಾರೇ ಹಾಗೆ ಹೇಳಿದ್ದು?"

"ಎಲ್ರೂ ಹೇಳ್ತಾರೆ."

ಹೊಳೆಯುವ ಬೋರ್ಡನ್ನು ಮರುಮಾತಿಲ್ಲದೆ ನುಂಗಿದ ಬುದ್ಧಿ, ನಿಜ ಬಂದಾಗ ಮಾತ್ರ ಎಷ್ಟು ಚುರುಕಾಗಿಬಿಟ್ಟಿತ್ತು. ಒಳಗೆ ಸೋಫಾದ ಮೇಲೆ ಮಗು ಕಾಲು ಚಾಚಿಕೊಂಡು, "ದೊಡ್ಡಮ್ಮಾ," ಎಂದು ಕೂಗಿತು. ತಂಗಿ ಕಿಟಕಿ ಹಾಕಿಕೊಂಡಳು. ನನಗೆ ರಸ್ತೆಯಲ್ಲೇ ಅಳು ಬಂತು.

ತೀರ್ಪು ದೂರುದಾರರ ಕಡೆ ಆಯಿತು. ಸಾಮಾನು ವಾಪಸ್ ತೆಗೆದುಕೊಂಡು ದುಡ್ಡು ಹಿಂದಿರುಗಿಸಬೇಕು, ದಂಡ ಕಟ್ಟಬೇಕು. ಅದರ ಜೊತೆಗೆ ಇನ್ನೊಂದು: ಸುಳ್ಳು ಹೇಳಿದ ಜಾಗದಲ್ಲೇ ನಿಜ ಹೇಳಬೇಕು. ಅದೇ ಬೋರ್ಡುಗಳಲ್ಲಿ, ಅದೇ ಅಳತೆಯಲ್ಲಿ, ಅದೇ ಫೋಟೋ ಹಾಕಿ, ಎಲ್ಲರಿಗೂ ಕಾಣುವ ಅಕ್ಷರದಲ್ಲಿ. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ನನ್ನ ಗಂಡನಿಗೂ ಅಧ್ಯಕ್ಷೆ ನಾಲ್ಕು ಮಾತು ಬರೆದಿದ್ದರು. ಅದನ್ನು ಓದಿ ಹೇಳು ಎಂದ. ಓದಿ ಹೇಳಿದೆ, ಎರಡು ಸಲ.

ಬಸ್ ನಿಲ್ದಾಣದ ನೆತ್ತಿಯ ಮೇಲೆ ಹೊಸ ಬೋರ್ಡು ಎದ್ದಿತು. ಅದೇ ಥರ್ಮೊಕೋಲ್ ಕೀ, ಅದೇ ಹಲ್ಲು, ಅದೇ ಕಾರು. ಕೆಳಗೆ: 'ಈ ಚಿತ್ರದಲ್ಲಿರುವವರಿಗೆ ನಾವು ಕಾರು ಕೊಟ್ಟಿಲ್ಲ. ಯಾರಿಗೂ ಕೊಟ್ಟಿಲ್ಲ. ನಮ್ಮ ಜಾಹೀರಾತು ಸುಳ್ಳಾಗಿತ್ತು.' ಜನ ನಿಂತು ಓದಿ ನಕ್ಕರು. ಗೂಡಿನ ಮುಂದಿನ ಸಾಲು ಕರಗಿತು, ಲಕ್ಕಿ ಸಾರ್ ಎನ್ನುವುದನ್ನು ಈಗ ಬೇರೆ ರಾಗದಲ್ಲಿ ಕರೆಯುತ್ತಾರೆ. ನನ್ನ ಗಂಡ ಎರಡು ದಿನ ಮುಖ ಮುಚ್ಚಿಕೊಂಡು ಓಡಾಡಿದ. ಮೂರನೆಯ ದಿನ ಊಟಕ್ಕೆ ಕೂತಾಗ, "ಫೋಟೋ ಮಾತ್ರ ಈ ಸಲ ಮೊದಲಿಗಿಂತ ಚೆನ್ನಾಗಿ ಬಂದಿದೆ," ಎಂದ. ತಟ್ಟೆ ಅವನ ಮುಂದೆ ಕುಕ್ಕಿ ಎದ್ದುಹೋದೆ.

ಬೋರ್ಡು ಎದ್ದ ವಾರದೊಳಗೆ ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ತಂಗಿ. ಪಕ್ಕದಲ್ಲಿ ಕೋಲೂರಿಕೊಂಡು ಮಗು. ತಂಗಿಯ ಕಣ್ಣು ತುಂಬಿತ್ತು.

"ಅಕ್ಕಾ, ಕಾರು ಬಂದೇ ಇರ್ಲಿಲ್ವಲ್ಲಕ್ಕಾ."

ಎಷ್ಟು ದಿನ ಕಾದಿದ್ದೆ ಈ ಮಾತಿಗೆ. ಅವಳು ಹೀಗೆ ಬಂದು ನಿಂತರೆ ತಬ್ಬಿಕೊಂಡು ಅತ್ತುಬಿಡಬೇಕು ಎಂದು ಮಲಗಿದಾಗೆಲ್ಲ ಅಂದುಕೊಂಡಿದ್ದೆ.

"ನಿಂಗ್ಯಾರು ಹೇಳಿದ್ರು?" ಎಂದು ಕೇಳಿದೆ.

"ಬಸ್ಸಿಂದ ಇಳೀತಾ ನೋಡ್ದೆ. ಅಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರಲ್ಲ. ಕೊಟ್ಟಿಲ್ಲ ಅಂತ ಅವರೇ ಬರೆದಿದ್ದಾರೆ, ಇನ್ನು ಸುಳ್ಳಿರುತ್ತಾ?"

ಅವಳ ಮಗುವನ್ನು ಕೂಗಿಸಿದವರು ಆ ಅಂಗಡಿಯವರು, ಅವಳ ಬಾಗಿಲಿಗೆ ಸೋಫಾ ಅಡ್ಡ ಹಾಕಿದವರು ಅವರು. ಅವರ ಮಾತು ಇವಳಿಗೆ ವೇದವಾಯಿತು. ಒಂದೇ ಹೊದಿಕೆಯಲ್ಲಿ ಮಲಗಿದ ನಾನು ಬಾಯಿ ಬಡಿದುಕೊಂಡದ್ದು ಇವಳ ಕಿವಿಗೆ ಬೀಳಲೇ ಇಲ್ಲ. ಊರನ್ನೆಲ್ಲ ಮನಸ್ಸಿನಲ್ಲೇ ಉಗಿಯುವಾಗಲೂ ಇವಳೊಬ್ಬಳನ್ನು ಬೇರೆ ಇಟ್ಟಿದ್ದೆ. ಈಗ ಅವಳ ಮುಖ ನೋಡಿದೆ. ಬೋರ್ಡಿನ ಕೆಳಗೆ ಬಾಯಿ ತೆರೆದು ನಿಲ್ಲುವ ಮುಖಗಳಲ್ಲಿ ಇದೂ ಒಂದು.

ಒಳಗೆ ಕರೆದೆ. ಮಗುವನ್ನು ಎತ್ತಿ ಮಂಚದ ಮೇಲೆ ಕೂರಿಸಿದೆ, ಕಾಲಿನ ಕೆಳಗೆ ದಿಂಬು ಇಟ್ಟೆ. ಚಹಾ ಮಾಡಿ ಕೊಟ್ಟೆ. ತಂಗಿ ಹಿಂದಿನ ಹಾಗೆ ಗೋಡೆಗೊರಗಿ ಕೂತು ಒಂದೇ ಸಮನೆ ಮಾತಾಡಿದಳು: ಸೋಫಾ ಒಯ್ದರು, ದುಡ್ಡು ಬಂತು, ಮೇಲ್ವಿಚಾರಕಿ ಹೀಗೆ ಬೈದಳು, ಡಾಕ್ಟರು ಹಾಗೆ ಅಂದರು. ನಾನು ಲೋಟ ತೊಳೆದೆ. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದೆ.

"ಯಾಕಕ್ಕಾ," ಎಂದಳು ಸ್ವಲ್ಪ ಹೊತ್ತಿನ ಮೇಲೆ, "ನೀನು ಏನೂ ಮಾತೇ ಆಡ್ತಿಲ್ವಲ್ಲ?"